ವಾಯ್ಸ್ ಕಳಿಸಲು ಒಂದೇ ದಿನ, ಒಆರ್‌ಎಸ್‌ಗೆ ಐವತ್ತು ವರ್ಷ

ದಮ್ಮಾಮ್‌ನಲ್ಲಿರುವ ಮಗನಿಗೆ ವಾಯ್ಸ್ ಕಳಿಸುವುದನ್ನು ನಮ್ಮ ಉಮ್ಮಂದಿರಿಗೆ ಕಲಿಸಲು ಯಾರೂ ಶಿಬಿರ ಮಾಡಲಿಲ್ಲ. ಮೊಮ್ಮಗಳು ಒಂದು ಸಲ ತೋರಿಸಿದಳು, ಅಷ್ಟೇ. ಮೈಕ್ ಒತ್ತಬೇಕು, ಮಾತಾಡಬೇಕು, ಬೆರಳು ಬಿಡಬೇಕು. ಓದು ಬರಹ ಬೇಡ, ಬ್ಯಾರಿಯನ್ನು ಯಾವ ಅಕ್ಷರದಲ್ಲಿ ಬರೆಯೋದು ಎಂಬ ತಲೆಬಿಸಿಯೂ ಇಲ್ಲ. ಹಿಂದೆ ಕ್ಯಾಸೆಟ್‌ನಲ್ಲಿ ಮಾತು ತುಂಬಿಸಿ ಗಲ್ಫಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸಿದವರಿಗೆ ಇದು ಪೂರ್ತಿ ಹೊಸದೂ ಅಲ್ಲ. ಸಂಜೆಯೊಳಗೆ ಮಗನ ಸ್ವರ ವಾಪಸ್ ಬರುತ್ತದೆ.

ಅದೇ ಮನೆಯ ಫ್ರಿಜ್ ಮೇಲೆ ಒಂದು ಒಆರ್‌ಎಸ್ ಪ್ಯಾಕೆಟ್ ಧೂಳು ಹಿಡಿದು ಕೂತಿರುತ್ತದೆ, ಆಶಾ ಕಾರ್ಯಕರ್ತೆ ಕೊಟ್ಟು ಹೋದದ್ದು. ಮಗುವಿಗೆ ಭೇದಿ ಶುರುವಾದ ರಾತ್ರಿ ಅದು ಯಾರಿಗೂ ನೆನಪಾಗುವುದಿಲ್ಲ. ರಿಕ್ಷಾ ಹತ್ತಿ ಹೋಗಿ, "ಡಾಕ್ಟ್ರೇ, ಒಂದು ಡ್ರಿಪ್ ಹಾಕಿ" ಅನ್ನುತ್ತೇವೆ.

ಇದು ನಮ್ಮೊಬ್ಬರ ಕಥೆಯಲ್ಲ. ಹೊಸ ವಿಷಯಗಳು ಹೇಗೆ ಹರಡುತ್ತವೆ ಎಂಬ ಬಗ್ಗೆ ಅಮೆರಿಕದ ಎವರೆಟ್ ರೋಜರ್ಸ್ 1962ರಲ್ಲಿ ಪುಸ್ತಕ ಬರೆದರು. ಅದರಲ್ಲಿ ಪೆರು ದೇಶದ ಲಾಸ್ ಮೊಲಿನಾಸ್ ಎಂಬ ಹಳ್ಳಿಯ ಕಥೆ ಇದೆ. ನೀರು ಕುದಿಸಿ ಕುಡಿಯಿರಿ ಎಂದು ಆರೋಗ್ಯ ಕಾರ್ಯಕರ್ತೆ 2 ವರ್ಷ ಮನೆ ಮನೆ ತಿರುಗಿದರು. 200 ಮನೆಗಳಲ್ಲಿ ಒಪ್ಪಿದ್ದು ಬರೀ 11 ಮಂದಿ ಗೃಹಿಣಿಯರು. ಕುದಿಸಿದ ನೀರು ಕಾಯಿಲೆಯವರಿಗೆ ಮಾತ್ರ ಎಂಬುದು ಆ ಊರಿನ ನಂಬಿಕೆ, ಗಟ್ಟಿಮುಟ್ಟಾದವರು ಅದನ್ನು ಯಾಕೆ ಕುಡಿಯಬೇಕು? ನಮ್ಮ ಕರಾವಳಿಯಲ್ಲಾದರೆ ಜೀರಿಗೆ ಹಾಕಿ ಕುದಿಸಿದ ನೀರು ಹೋಟೆಲಿನಲ್ಲೂ ಸಿಗುತ್ತದೆ. ಕ್ರಿಮಿ ಸಾಯುತ್ತದೆ ಎಂದು ಲೆಕ್ಕ ಹಾಕಿ ಕುಡಿಯುವವರು ಎಷ್ಟು ಮಂದಿ? ರೂಢಿ, ರುಚಿ, ಅಷ್ಟೇ.

ಒಆರ್‌ಎಸ್‌ಗೆ ರುಚಿಯೂ ಇಲ್ಲ, ರೂಢಿಯೂ ಇಲ್ಲ. ಇನ್ನೂ ದೊಡ್ಡ ತೊಡಕೆಂದರೆ ಅದು ಭೇದಿ ನಿಲ್ಲಿಸುವುದಿಲ್ಲ. ದೇಹದಿಂದ ಹೋದ ನೀರು, ಉಪ್ಪನ್ನು ವಾಪಸ್ ತುಂಬಿಸುತ್ತದೆ, ಮಗು ಒಣಗಿ ಹೋಗದಂತೆ ಕಾಯುತ್ತದೆ. ಜ್ವರದ ಸಿರಪ್ ಕೊಟ್ಟರೆ ಮೈ ತಣ್ಣಗಾಗುವುದು ಕೈಗೆ ಗೊತ್ತಾಗುತ್ತದೆ. ಇಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ, ಭೇದಿ ಹೋಗ್ತಾನೇ ಇರುತ್ತದೆ. "ಇದರಿಂದ ಏನೂ ಆಗ್ಲಿಲ್ಲ" ಅನ್ನುವ ತಾಯಿಯನ್ನು ದೂರುವುದು ನ್ಯಾಯವಲ್ಲ.

ಆದರೆ ಏನಾಗುತ್ತದೆ ಎಂಬುದು 1971ರಲ್ಲೇ ಕಂಡಿತ್ತು. ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಎದ್ದಾಗ ಡ್ರಿಪ್ ಸಾಲದೆ ಬಂತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು.

ಅದನ್ನು ಮನೆಯೊಳಗೆ ಮುಟ್ಟಿಸಿದ್ದು ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ. 1980ರಿಂದ 10 ವರ್ಷ ಅದರ ಹೆಣ್ಣುಮಕ್ಕಳು 1 ಕೋಟಿಗೂ ಹೆಚ್ಚು ಮನೆಗಳಿಗೆ ಹೋದರು. ಕರಪತ್ರ ಹಂಚಿ ಬರಲಿಲ್ಲ. ಅಡುಗೆಮನೆಯಲ್ಲಿ ಕೂತು, ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ತಾಯಿಯ ಕೈಯಲ್ಲೇ ಮಾಡಿಸಿದರು. ತಾಯಿಗೆ ಎಷ್ಟು ನೆನಪು ಉಳಿದಿದೆ ಎಂದು ನೋಡಿ ಅವರಿಗೆ ಸಂಬಳ. ಒಳ್ಳೆಯ ಲೆಕ್ಕ! ನಮ್ಮಲ್ಲಿ ಪ್ಯಾಕೆಟ್ ಎಷ್ಟು ಹಂಚಿದೆವು ಎಂದು ಲೆಕ್ಕ ಬರೆಯುತ್ತಾರೆ.

ನಮ್ಮಲ್ಲಿ ಆಗುವ ತಪ್ಪು ಇನ್ನೊಂದಿದೆ. ಗ್ಲಾಸಿಗೆ ಚೂರು ಪುಡಿ ಹಾಕಿ ಕದಡಿ ಕೊಡುತ್ತೇವೆ, ಇದರಿಂದ ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. 1 ಲೀಟರಿನ ಪ್ಯಾಕೆಟ್ ಆದರೆ ಇಡೀ ಪ್ಯಾಕೆಟನ್ನು 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು, 24 ಗಂಟೆ ಕಳೆದರೆ ಚೆಲ್ಲಬೇಕು. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ಚಮಚ ಚಮಚ ಕೊಡಬೇಕು. ಮಗು ಕುಡಿಯದೆ ಜೋಲು ಬಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಮಾತ್ರ ತಡಮಾಡದೆ ರಿಕ್ಷಾ ಹಿಡಿಯಿರಿ.

ಪ್ಯಾಕೆಟ್ ಮೇಲಿನ ಅಕ್ಷರ ಓದಲು ಬಾರದ ಉಮ್ಮನೂ ಇಷ್ಟನ್ನು ಬ್ಯಾರಿಯಲ್ಲಿ ಹೇಳಿ, ಮಗಳಿಗೆ ಸೊಸೆಗೆ ಒಂದು ವಾಯ್ಸ್ ಕಳಿಸಬಹುದು.