ಇಹ್ರಾಮ್‌ನಲ್ಲಿ ಬಿಸಿಲಿನಿಂದ ಚರ್ಮದ ರಕ್ಷಣೆ

"ಇಹ್ರಾಮ್‌ನಲ್ಲಿರುವಾಗ ಮುಖಕ್ಕೆ ಕ್ರೀಮ್ ಹಚ್ಚಬಹುದೇ? ಕೊಡೆ ಹಿಡಿದರೆ ತಲೆ ಮುಚ್ಚಿದಂತಾಗುವುದಿಲ್ಲವೇ?" ಹಜ್ಜ್‌ಗೆ ಹೊರಡುವವರು ಕೇಳುವ ಪ್ರಶ್ನೆಗಳಿವು. ಸಂಶಯವೇಕೆ ಎಂದು ಎಲ್ಲವನ್ನೂ ಬಿಟ್ಟು ಬಿಸಿಲಲ್ಲೇ ನಡೆಯುವವರೂ ಇದ್ದಾರೆ. 2024ರ ಹಜ್ಜ್ ವೇಳೆ ಮಸ್ಜಿದುಲ್ ಹರಾಮ್‌ನಲ್ಲಿ 51.8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಆ ವರ್ಷ 1,301 ಯಾತ್ರಿಕರು ಮೃತಪಟ್ಟರೆಂದು ಸೌದಿ ಸರಕಾರ ತಿಳಿಸಿತು. ಅವರಲ್ಲಿ ಹೆಚ್ಚಿನವರು ಅನುಮತಿಯಿಲ್ಲದೆ ಬಂದು, ನೆರಳಿಲ್ಲದೆ ಬಹುದೂರ ನಡೆದವರು.

ಕರಾವಳಿಯ ನಮಗೆ ಸೆಕೆಯೆಂದರೆ ಬೆವರು. ಮಕ್ಕಾದ ಒಣಗಾಳಿಯಲ್ಲಿ ಬೆವರು ಬಂದಂತೆಯೇ ಆರಿಹೋಗುತ್ತದೆ. ಮೈ ಒಣಗಿರುವುದರಿಂದ ಅಪಾಯ ತಿಳಿಯುವುದಿಲ್ಲ. ಚರ್ಮವನ್ನು ಸುಡುವುದು ಗಾಳಿಯ ಬಿಸಿಯಲ್ಲ, ಸೂರ್ಯನ ನೇರಳಾತೀತ ಕಿರಣ. ಮರಳಿನಿಂದ ಪ್ರತಿಫಲಿಸಿ ಅದು ಕೆಳಗಿನಿಂದಲೂ ತಾಗುತ್ತದೆ. ಕಪ್ಪು ಮೈಬಣ್ಣದವರ ಚರ್ಮವೂ ಸುಡುತ್ತದೆ. ಸುಟ್ಟ ಚರ್ಮ ಸರಿಯಾಗಿ ಬೆವರುವುದಿಲ್ಲ. ಆಗ ದೇಹ ತಂಪಾಗುವುದೂ ಕಷ್ಟ.

ಇಹ್ರಾಮ್‌ನಲ್ಲಿ ಪುರುಷರು ಟೋಪಿ, ಪೇಟ ಧರಿಸುವಂತಿಲ್ಲ. ಆದರೆ ತಲೆಗೆ ತಾಗದ ನೆರಳಿಗೆ ಅಡ್ಡಿಯಿಲ್ಲ. ವಿದಾಯ ಹಜ್ಜ್‌ನಲ್ಲಿ ಉಸಾಮಾ(ರ) ಮತ್ತು ಬಿಲಾಲ್(ರ) ಪ್ರವಾದಿಯವರ(ಸ) ಜೊತೆಗಿದ್ದರು. ಒಬ್ಬರು ಒಂಟೆಯ ಹಗ್ಗ ಹಿಡಿದಿದ್ದರೆ, ಇನ್ನೊಬ್ಬರು ಬಟ್ಟೆಯೆತ್ತಿ ಬಿಸಿಲಿಗೆ ಮರೆ ಮಾಡಿದ್ದರು ಎಂದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಆದ್ದರಿಂದ ತಿಳಿಬಣ್ಣದ ಕೊಡೆ ಸದಾ ಕೈಯಲ್ಲಿರಲಿ.

ಬಲ ಭುಜವನ್ನು ದಿನವಿಡೀ ತೆರೆದಿಡಬೇಕಾಗಿಲ್ಲ. ಅದು ತವಾಫ್‌ಗೆ, ಶಾಫಿಈ ಮದ್‌ಹಬ್‌ನಲ್ಲಿ ಸಈಗೂ, ಸಂಬಂಧಿಸಿದ ಸುನ್ನತ್. ಅರಫಾ, ಮಿನಾಗಳಲ್ಲಿ ಎರಡೂ ಭುಜಗಳನ್ನು ಮುಚ್ಚಿಕೊಳ್ಳಿ. ಮಹಿಳೆಯರಿಗೆ ನಿಖಾಬ್ ಮತ್ತು ಕೈಗವಸು ಇಲ್ಲದಿರುವುದರಿಂದ ಮುಖಕ್ಕೆ ಕೊಡೆಯ ನೆರಳು, ಕೈಗಳಿಗೆ ಉದ್ದ ತೋಳು ನೆರವಾಗುತ್ತವೆ.

ಇಹ್ರಾಮ್‌ನಲ್ಲಿ ನಿಷಿದ್ಧವಾಗಿರುವುದು ಸುಗಂಧ. ಸುಗಂಧವಿಲ್ಲದ ಸನ್‌ಸ್ಕ್ರೀನನ್ನು ಚರ್ಮಕ್ಕೆ ಹಚ್ಚಬಹುದೆಂದು ವಿದ್ವಾಂಸರು ಹೇಳಿದ್ದಾರೆ. ಖರೀದಿಸುವಾಗ 'ಫ್ರಾಗ್ರೆನ್ಸ್ ಫ್ರೀ' ಎಂದಿರುವುದನ್ನೇ ಆರಿಸಿ. 'ಅನ್‌ಸೆಂಟೆಡ್' ಎಂದು ಬರೆದಿರುವುದರಲ್ಲಿ ವಾಸನೆ ಮರೆಸುವ ಸುಗಂಧದ್ರವ್ಯ ಇರಬಹುದು. ತಲೆಗೂದಲು ಮತ್ತು ಗಡ್ಡಕ್ಕೆ ಎಣ್ಣೆ ಹಚ್ಚುವುದು ಶಾಫಿಈ ಮದ್‌ಹಬ್‌ನಲ್ಲಿ ಸುಗಂಧವಿಲ್ಲದಿದ್ದರೂ ನಿಷಿದ್ಧ. ಆದ್ದರಿಂದ ಕ್ರೀಮ್ ಅಲ್ಲಿಗೆ ತಾಗದಿರಲಿ. ಎಸ್‌ಪಿಎಫ್ 30 ಅಥವಾ ಹೆಚ್ಚಿನದ್ದನ್ನು ಹೊರಡುವ 15 ನಿಮಿಷ ಮೊದಲು ಮುಖ, ಕಿವಿ, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗಕ್ಕೆ ಧಾರಾಳವಾಗಿ ಹಚ್ಚಿ. ಎರಡು ಗಂಟೆಗೊಮ್ಮೆ, ವುಝೂ ಮಾಡಿದ ಬಳಿಕವೂ ಮತ್ತೆ ಹಚ್ಚಿ.

ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಅನಗತ್ಯವಾಗಿ ಹೊರಬರಬೇಡಿ. ಅರಫಾ ಇಡೀ ನಿಲ್ಲುವ ಸ್ಥಳವೇ ಆಗಿರುವುದರಿಂದ ಜಬಲುರ್ರಹ್ಮಾ ಹತ್ತಬೇಕಾಗಿಲ್ಲ. ಟೆಂಟ್‌ನಲ್ಲಿ ಕುಳಿತೇ ದುಆ ಮಾಡಬಹುದು. ಬಾಯಾರುವ ಮೊದಲೇ ನೀರು ಕುಡಿಯಿರಿ. ಜೊತೆಗಿರುವವರು ತಡವರಿಸಿ ಮಾತನಾಡಿದರೆ, ಗೊಂದಲಕ್ಕೊಳಗಾದರೆ, ಅದು ಬಿಸಿಲಾಘಾತವಿರಬಹುದು. ನೆರಳಿಗೆ ಕರೆತಂದು ಮೈಗೆ ನೀರು ಹಾಕಿ, ಗಾಳಿ ಬೀಸಿ, ತಕ್ಷಣ ವೈದ್ಯರನ್ನು ಕರೆಯಿರಿ.

ಅಲ್ಲಾಹನು ನಮ್ಮ ಹಾಜಿಗಳನ್ನು ಸುರಕ್ಷಿತವಾಗಿ ಮನೆಗೆ ಮರಳಿಸಲಿ. ಆಮೀನ್.