ಚರಬಿ ತಳಿಯಲ್ಲೇ ಇದೆ

ಹತ್ತರಗಿಯಿಂದ ಹುಕ್ಕೇರಿ, ಗೋಕಾಕ, ಮೂಡಲಗಿ, ಯಾವ ಕಡೆ ಹೋದರೂ ಜವಾರಿ ಕೋಳಿಗೆ ಫಾರ್ಮ್ ಕೋಳಿಗಿಂತ ದರ ಹೆಚ್ಚು. ಕೊಳ್ಳುವವರು ರುಚಿಯ ಮಾತು ಹೇಳುತ್ತಾರೆ. ಕೊಯ್ದಾಗ ಇನ್ನೊಂದು ವ್ಯತ್ಯಾಸವೂ ಕಾಣುತ್ತದೆ. ಫಾರ್ಮ್ ಕೋಳಿಯ ಹೊಟ್ಟೆಯಲ್ಲಿ ಹಳದಿ ಚರಬಿ ಗಡ್ಡೆಗಟ್ಟಿರುತ್ತದೆ. ಜವಾರಿ ಹುಂಜದಲ್ಲಿ ಅದು ಹೆಸರಿಗಷ್ಟೇ. ತಿನ್ನುವ ಕಾಳು, ಓಡಾಟ ಎರಡೂ ಇದಕ್ಕೆ ಕಾರಣ ಹೌದು. ಆದರೆ ದೊಡ್ಡ ಪಾಲು ತಳಿಯದು.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಮಾಂಸದ ಕೋಳಿಯ 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಬಗೆಯ ಮೇವು ಹಾಕಿ ಸಾಕಿದರು. 56 ದಿನಕ್ಕೆ ಹಳೆಯದು ಸುಮಾರು 900 ಗ್ರಾಂ ತೂಗಿದರೆ ಹೊಸದು 4.2 ಕೆ.ಜಿ. ತೂಗಿತು. ತಳಿಗಾರರು ಹೆಚ್ಚು ತೂಗಿದ ಕೋಳಿಯನ್ನೇ ಆರಿಸುತ್ತ ಬಂದ ಫಲ ಇದು. ತೂಕ ನೋಡಿ ಆರಿಸುವುದು ಸುಲಭ, ತಕ್ಕಡಿ ಸಾಕು. ಆದರೆ ಹೆಚ್ಚು ತೂಗುವ ಕೋಳಿಯೆಂದರೆ ಹೆಚ್ಚು ತಿನ್ನುವ ಕೋಳಿಯೂ ಹೌದು. ಮಿಕ್ಕ ಶಕ್ತಿಯೆಲ್ಲ ಚರಬಿಯಾಯಿತು.

ಚರಬಿ ಕಡಿಮೆ ಇರುವ ಕೋಳಿಯನ್ನು ಆರಿಸಲು ಹೋದರೆ ಪೇಚು ಶುರುವಾಗುತ್ತದೆ. ಕೊಯ್ಯದೆ ಚರಬಿ ಕಾಣದು, ಕೊಯ್ದ ಕೋಳಿ ಮರಿ ಮಾಡದು. ಹಾಗಾಗಿ ಒಂದೇ ತಾಯಿತಂದೆಯ ಕೆಲವು ಮರಿಗಳನ್ನು ಕೊಯ್ದು ನೋಡಿ, ಉಳಿದ ಒಡಹುಟ್ಟುಗಳನ್ನು ತಳಿಗೆ ಇಟ್ಟುಕೊಳ್ಳುತ್ತಿದ್ದರು. ಇದಕ್ಕಿಂತ ಜಾಣ ದಾರಿ ರಕ್ತಪರೀಕ್ಷೆ. ಕೋಳಿಯಲ್ಲಿ ಕೊಬ್ಬು ಬಹುಪಾಲು ತಯಾರಾಗುವುದು ಪಿತ್ತಜನಕಾಂಗದಲ್ಲಿ. ಅಲ್ಲಿಂದ ವಿಎಲ್‌ಡಿಎಲ್ ಎಂಬ ಕಣಗಳು ಅದನ್ನು ರಕ್ತದ ಮೂಲಕ ಹೊಟ್ಟೆಗೆ ಸಾಗಿಸುತ್ತವೆ. ರಕ್ತದಲ್ಲಿ ಆ ಕಣಗಳೆಷ್ಟು ಎಂದು ಅಳೆದರೆ ಬದುಕಿರುವ ಕೋಳಿಯ ಗುಣ ತಿಳಿಯುತ್ತದೆ. ಚೀನಾದ ಹಾರ್ಬಿನ್‌ನ ಈಶಾನ್ಯ ಕೃಷಿ ವಿಶ್ವವಿದ್ಯಾಲಯ 1996ರಿಂದ ಈ ಅಳತೆಯನ್ನೂ ಬಳಸಿ ಕೊಬ್ಬಿನ ಕೋಳಿ, ತೆಳು ಕೋಳಿ ಎಂದು ಎರಡು ವಂಶ ಬೆಳೆಸುತ್ತ ಬಂದಿದೆ. ತಿನ್ನುವ ಮೇವು ಒಂದೇ; ಹೊಟ್ಟೆಯ ಚರಬಿಯಲ್ಲಿ ಮಾತ್ರ ಹಲವು ಪಟ್ಟು ಅಂತರ.

ಚರಬಿ ಇಳಿದರೆ ರುಚಿ ಬಂದೀತೇ? ಇಲ್ಲ. ಜವಾರಿಯ ರುಚಿಯಲ್ಲಿ ವಯಸ್ಸಿನ ಪಾಲು ದೊಡ್ಡದು. ಫಾರ್ಮ್ ಕೋಳಿ ಆರು ವಾರಕ್ಕೇ ಒಲೆ ಸೇರುತ್ತದೆ, ಜವಾರಿ ಹುಂಜ ತಿಂಗಳುಗಟ್ಟಲೆ ತಿಪ್ಪೆ ಕೆದರಿರುತ್ತದೆ. ಅದರ ಸ್ನಾಯುವಿನ ಕೊಲಾಜನ್ ಎಳೆಗಳು ಗಟ್ಟಿಯಾಗಿ ಹೆಣೆದುಕೊಂಡಿರುತ್ತವೆ. ಬೇಯಲು ಹೊತ್ತು ಬೇಕು, ಬೆಂದ ಮೇಲೆ ಸಾರಿಗೆ ಮೈ ಬರುತ್ತದೆ. ಇತ್ತ ಎದೆ ಮಾಂಸವನ್ನು ಬೇಗ ಬೇಗ ಬೆಳೆಸಿದ ತಳಿಗಳಲ್ಲಿ ಹೊಸ ತೊಂದರೆ: ಎದೆಯಲ್ಲಿ ಬಿಳಿ ಗೆರೆಗಳು. ಅಲ್ಲಿ ಸ್ನಾಯು ಸವೆದು ಅದರ ಜಾಗಕ್ಕೆ ಕೊಬ್ಬು ಬಂದಿರುತ್ತದೆ.

ನಮ್ಮಲ್ಲಿ ಬೆಂಗಳೂರಿನ ಹೆಬ್ಬಾಳದ ವಿಜ್ಞಾನಿಗಳು ಬೇರೆ ಗುರಿ ಇಟ್ಟುಕೊಂಡರು. ಹಿತ್ತಲಲ್ಲಿ ಮೇಯ್ದು, ಬಣ್ಣಬಣ್ಣದ ಗರಿಯೊಂದಿಗೆ ಜವಾರಿಗಿಂತ ಬೇಗ ತೂಕ ಹಿಡಿಯುವ ಗಿರಿರಾಜ ಅವರದು. ಆಮೇಲೆ ಸ್ವರ್ಣಧಾರಾ ಬಂತು. ಇವು ಮಿಶ್ರತಳಿಗಳಾದ್ದರಿಂದ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರುತ್ತವೆ. ಗುಣ ಬೇಕೆಂದರೆ ಮತ್ತೆ ತಳಿ ಕೇಂದ್ರದ ಮರಿಯನ್ನೇ ತರಬೇಕು.

ಜವಾರಿಯನ್ನು ಮಾತ್ರ ಮನೆಯಲ್ಲೇ ಆರಿಸಿ ಬೆಳೆಸಬಹುದು. ಆದರೆ ಹಳ್ಳಿಯಲ್ಲಿ ನಡೆಯುವುದು ಉಲ್ಟಾ. ಎಲ್ಲಕ್ಕಿಂತ ಮೊದಲು ಮೈದುಂಬಿದ ಹುಂಜ ಜಾತ್ರೆಯ ಅಡುಗೆಗೆ ಹೋಗುತ್ತದೆ, ನಿಧಾನಕ್ಕೆ ಬೆಳೆದದ್ದು ಉಳಿದು ತಂದೆಯಾಗುತ್ತದೆ. ಪ್ರತಿ ವರ್ಷ ಹೀಗೆ ಮಾಡಿದರೆ ಸಣ್ಣ ಕೋಳಿಯನ್ನೇ ಆರಿಸಿದ ಹಾಗೆ. ಒಳ್ಳೆಯ ಹುಂಜದ ಮರಿಗಳು ಹೇಂಟೆಯ ಹಿಂದೆ ಓಡಾಡುವವರೆಗಾದರೂ ಅದನ್ನು ಕೊಯ್ಯಬೇಡಿ.