"ಗಾಡಿ ಯಾವಾಗ ನಡುಗ್ತದ, ಅದ ಹೇಳವ್ವ"

ಹರದನಹಳ್ಳಿಯ ನಮ್ಮ ಮನೆ ಮುಂದೆ ಅಪ್ಪನ ಕಾಲದ ಅಂಬಾಸಿಡರ್ ಇನ್ನೂ ನಿಂತಿದೆ. ಅಪ್ಪ ಹೋದ ಮೇಲೆ ಅದನ್ನು ಓಡಿಸುತ್ತಿರುವವಳು ನಾನೇ. ಕಳೆದ ವರ್ಷ ಅದಕ್ಕೆ ನಡುಕ ಶುರುವಾಯಿತು. ಗಂಟೆಗೆ 50 ಕಿ.ಮೀ. ದಾಟಿದರೆ ಸಾಕು, ಸೀಟಿನ ಕೆಳಗೆ ಝುಮ್ಮೆನ್ನುತ್ತಿತ್ತು. ಹಿಂದೆ ಕೂತ ಅಮ್ಮನ ಕಾಲೆಲ್ಲ ಜೋಮು!

ಪೇಟೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಓಡಿಸಿಯೂ ನೋಡದೆ "ಕ್ಲಚ್ ಹೋಗಿದೆ ಮೇಡಂ" ಅಂದರು. ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು ಎಲ್ಲ ಹೊಸದಾಯಿತು. ದುಡ್ಡು ಹೋಯಿತು, ನಡುಕ ಹೋಗಲಿಲ್ಲ. "ಗುಜರಿಗೆ ಹಾಕ್ಬಿಡಕ್ಕ, ಇನ್ನೆಷ್ಟು ಸುರೀತೀಯ?" ಎಂದು ತಮ್ಮ ಫೋನಿನಲ್ಲೇ ರೇಗಿದ. ಅಮ್ಮನಿಗೋ ಅದೇ ಗಾಡಿಯಲ್ಲಿ ಬಣ್ಣಾರಿಗೆ ಹೋಗಿ ಹರಕೆ ತೀರಿಸುವ ಆಸೆ.

ಕೊನೆಗೆ, ಹಿಂದೆ ಅಪ್ಪನ ಗಾಡಿ ನೋಡುತ್ತಿದ್ದ ಚಾಮರಾಜನಗರದ ವಯಸ್ಸಾದ ಮೇಸ್ತ್ರಿಯನ್ನು ಕರೆತಂದೆ. ಅವರು ಬಾನೆಟ್ ಎತ್ತಲೇ ಇಲ್ಲ. ಕೇಳಿದ್ದು ಒಂದೇ ಮಾತು: "ಗಾಡಿ ಯಾವಾಗ ನಡುಗ್ತದ, ಅದ ಹೇಳವ್ವ."

ಹೊರಡುವಾಗ, ಕ್ಲಚ್ ಬಿಡುವ ಗಳಿಗೆಯಲ್ಲಿ ಮಾತ್ರ ನಡುಗಿದರೆ ಅನುಮಾನ ಕ್ಲಚ್ ಮೇಲೆ. ಪ್ಲೇಟಿಗೆ ಆಯಿಲ್ ತಗುಲಿರಬಹುದು, ಇಲ್ಲವೇ ಎಂಜಿನ್ ಕೂರುವ ರಬ್ಬರ್ ಮೌಂಟಿಂಗ್ ಹರಿದಿರಬಹುದು. ಆಯಿಲ್ ಸೀಲ್ ಬದಲಿಸದೆ ಬರೀ ಪ್ಲೇಟ್ ಬದಲಿಸಿದರೆ ನಡುಕ ಮತ್ತೆ ಬರುತ್ತದೆ. ನಮ್ಮ ಗಾಡಿ ಹೊರಡುವಾಗ ಯಾವತ್ತೂ ನಡುಗಿರಲಿಲ್ಲ. ಈ ಒಂದು ಮಾತನ್ನು ಮೊದಲೇ ಯಾರಾದರೂ ಕೇಳಿದ್ದರೆ!

ಆಮೇಲೆ ಅವರೇ ಪಕ್ಕದಲ್ಲಿ ಕೂತು, ಖಾಲಿ ನೇರ ರಸ್ತೆಯಲ್ಲಿ ಗಾಡಿ ಓಡಿಸಲು ಹೇಳಿದರು. ನಡುಕ ಶುರುವಾದ ಕೂಡಲೇ "ಕ್ಲಚ್ ಒತ್ತಿ ನ್ಯೂಟ್ರಲ್ ಮಾಡು" ಅಂದರು. ಎಂಜಿನ್ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ. ಗಾಡಿ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿದರೆ ನಡುಕವೇ ಇಲ್ಲ. ಅಲ್ಲಿಗೆ ಎಂಜಿನ್, ಕ್ಲಚ್ ಎರಡೂ ನಿರಪರಾಧಿಗಳು. ತೊಂದರೆ ಗೇರ್‌ಬಾಕ್ಸಿನಿಂದ ಹಿಂದೆ.

"ಸ್ಟೇರಿಂಗ್ ನಡುಗಿದ್ರ ಮುಂದಿನ ಚಕ್ರ ನೋಡ್ಬೇಕು. ಸೀಟು ನಡುಗಿದ್ರ ಹಿಂದಕ್ಕ ಹೋಗ್ಬೇಕು" ಅಂದರು. ಅಂಬಾಸಿಡರ್‌ನಲ್ಲಿ ಎಂಜಿನ್ ಶಕ್ತಿ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಶಾಫ್ಟ್ ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಸುತ್ತುವುದರಿಂದ ಅದರ ನಡುಕ ಸಣ್ಣದು, ಬಿರುಸು. ಚಕ್ರದ್ದಾದರೆ ನಿಧಾನವಾಗಿ ದಡದಡ ಅನ್ನುತ್ತದೆ. ನಮ್ಮದು ಝುಮ್ಮೆನ್ನುವ ಜಾತಿ.

ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿ ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿದರು. (ಬರೀ ಜಾಕ್ ನಂಬಿ ಯಾರೂ ಕೆಳಗೆ ನುಗ್ಗಬೇಡಿ.) ಶಾಫ್ಟ್ ಹಿಡಿದು ಅತ್ತಿತ್ತ ತಿರುಗಿಸಿದರೆ ಮುಂದಿನ ಕ್ರಾಸ್ 'ಟಕ್ ಟಕ್' ಅಂತು. ಸುತ್ತ ಕುಂಕುಮದಂಥ ತುಕ್ಕಿನ ಪುಡಿ. ಗ್ರೀಸ್ ಕಾಣದೆ ಒಳಗಿನ ಸೂಜಿ ಬೇರಿಂಗ್ ಸವೆದುಹೋಗಿತ್ತು. ಗೇರ್ ಹಾಕಿದಾಗ ಬರುತ್ತಿದ್ದ 'ಟಣ್' ಸದ್ದಿಗೂ ಅದೇ ಕಾರಣ. ಹಳೇ ಗಾಡಿ ಅಂದಮೇಲೆ ಸದ್ದು ಇದ್ದದ್ದೇ ಅಂತ ನಾನೇ ಅಸಡ್ಡೆ ಮಾಡಿದ್ದೆ.

"ಇದು ಓಡುವಾಗ ಮುರಿದಿದ್ರ ಶಾಫ್ಟ್ ಮುಂದಿನ ತುದಿ ರಸ್ತೆಗೆ ಊರ್ಕೊಳ್ಳದು ಕಣವ್ವ" ಅಂದರು ಮೇಸ್ತ್ರಿ. ಬಣ್ಣಾರಿಗೆ ಇಳಿಯುವ ದಿಂಬಂ ಘಾಟಿಯ 27 ತಿರುವುಗಳು ಕಣ್ಣ ಮುಂದೆ ಬಂದು ನನ್ನ ಕೈಕಾಲೇ ನಡುಗಿದವು.

ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಆದರೂ ಮೈಸೂರಿನಲ್ಲಿ ಕ್ರಾಸ್ ಸಿಕ್ಕಿತು. ಎರಡನ್ನೂ ಬದಲಿಸಿದೆವು. ಶಾಫ್ಟ್ ಬಿಚ್ಚುವ ಮುನ್ನ ಮೇಸ್ತ್ರಿ ಗುರುತು ಹಾಕಿಕೊಂಡು, ಹೇಗಿತ್ತೋ ಹಾಗೆಯೇ ಕೂರಿಸಿದರು. ಇಲ್ಲದಿದ್ದರೆ ಅದೇ ಇನ್ನೊಂದು ನಡುಕ ತರುತ್ತದಂತೆ. ಎಲ್ಲ ಸೇರಿ ಆದ ಖರ್ಚು ಕ್ಲಚ್ಚಿಗೆ ಸುರಿದದ್ದರ ಕಾಲು ಭಾಗವೂ ಅಲ್ಲ.

ನಿಮ್ಮ ಮನೆಯಲ್ಲೂ ಹಳೇ ಗಾಡಿ ಇದ್ದರೆ, ಗ್ಯಾರೇಜಿಗೆ ಹೋಗುವ ಮುನ್ನ ಒಂದು ಚೀಟಿ ಬರೆದುಕೊಳ್ಳಿ: ಎಷ್ಟು ವೇಗದಲ್ಲಿ ನಡುಗುತ್ತದೆ, ಎಲ್ಲಿ ನಡುಗುತ್ತದೆ, ನ್ಯೂಟ್ರಲ್‌ನಲ್ಲಿ ನಿಲ್ಲುತ್ತದೆಯೇ? ಓಡಿಸಿ ನೋಡದೆ ಪಾರ್ಟು ಬದಲಿಸಲು ಬಿಡಬೇಡಿ.

ಹರಕೆ ತೀರಿತು. ವಾಪಸು ಬರುವಾಗ ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು.